ಪರೀಕ್ಷೆ ನಿಮ್ಮದಲ್ಲ, ವಸ್ತುವಿನದು

ನಾಲ್ಕು ಜನರನ್ನು ಕರೆದು ಕೂರಿಸಿ ಪ್ರಶ್ನೆ ಕೇಳುವ ಕೆಲಸಕ್ಕೆ ಕೈ ಹಾಕಿದವರು ನಗುವ ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವು ಹೇಳಿದ ಹೊತ್ತಿಗಿಂತ ಮೊದಲೇ ಬಂದು ಕುಳಿತಿರುತ್ತವೆ.

ಪುಣೆಯ ಕಾಲೇಜೊಂದರಲ್ಲಿ ಸಂಖ್ಯಾಶಾಸ್ತ್ರ ಕಲಿಸಿ ನಿವೃತ್ತಳಾದ ಮೇಲೆ ನಾನು ಈ ಕೆಲಸ ಹಿಡಿದೆ. ಕಂಪನಿಯೊಂದು ಹೊಸ ವಸ್ತುವನ್ನು ಮಾರುಕಟ್ಟೆಗೆ ಬಿಡುವ ಮೊದಲು ಅದನ್ನು ಸಾಮಾನ್ಯ ಜನರ ಕೈಗೆ ಕೊಟ್ಟು ನೋಡುತ್ತದೆ. ಆ ಜನರನ್ನು ಹುಡುಕಿ ತರುವವಳು ನಾನು. ವಸ್ತುವನ್ನು ಮಾತ್ರ ನಾನು ನೋಡುವುದಿಲ್ಲ. ನೋಡಿದರೆ ಆಯ್ಕೆಯಲ್ಲಿ ಪಕ್ಷಪಾತ ನುಸುಳುತ್ತದೆ ಎಂಬುದು ನನ್ನ ನಿಯಮ.

ಈ ಸಲದ್ದು, ಮಾತ್ರೆಯ ಹೊತ್ತನ್ನು ನೆನಪಿಸುವ ಮೊಬೈಲ್ ಆಪ್. ಬೇಕಾದವರು ಎಂಟು ಮಂದಿ: ಅರವತ್ತು ತುಂಬಿದವರು, ದಿನವೂ ಮಾತ್ರೆ ನುಂಗುವವರು, ಮೊಬೈಲಿನಲ್ಲಿ ತಡವರಿಸುವವರು. ಶುಕ್ರವಾರದೊಳಗೆ ಎಂಟೂ ಆಗದಿದ್ದರೆ ಈ ಕೆಲಸವನ್ನು ಏಜೆನ್ಸಿಯೊಂದಕ್ಕೆ ಒಪ್ಪಿಸುವುದಾಗಿ ಕಂಪನಿಯ ಬೆಂಗಳೂರಿನ ನಿರ್ದೇಶಕರು ತಿಳಿಸಿದ್ದರು. ನನ್ನ ತರಗತಿಯಲ್ಲಿ ಹಾಜರಿ ಎಂದೂ ಕಡಿಮೆ ಬಿದ್ದದ್ದಿಲ್ಲ. ಈ ವಯಸ್ಸಿನಲ್ಲಿ ಬೀಳಗೊಡುವ ಮನಸ್ಸು ನನಗಿರಲಿಲ್ಲ.

೧. ತೊಂದರೆ ಇಲ್ಲದವರು

ಪುಣೆಯ ಕೋಥರೂಡದಲ್ಲಿ ನಾನಿರುವ ವಸತಿ ಸೊಸಾಯಿಟಿಯ ಕನ್ನಡ ಮನೆಗಳಿಂದಲೇ ಆರಂಭಿಸಿದೆ. ಮೊಬೈಲ್ ಬಳಸಲು ತೊಂದರೆಯಾಗುತ್ತದೆಯೇ ಎಂದು ಮನೆಮನೆಗೆ ಹೋಗಿ ಕೇಳಿದೆ. ಯಾರಿಗೂ ಆಗುತ್ತಿರಲಿಲ್ಲ. ಒಂದು ಮನೆಯಲ್ಲಿ ಯಜಮಾನರು ನನ್ನನ್ನು ಬಾಲ್ಕನಿಗೆ ಕರೆದು, ತೊಂದರೆ ಇರುವುದು ತಮ್ಮ ಹೆಂಡತಿಗೆ ಎಂದು ಪಿಸುಗುಟ್ಟಿದರು. ಹೆಂಡತಿ ಅಡುಗೆಮನೆಗೆ ಕರೆದು, ಯಜಮಾನರಿಗೆ ಎಂದರು.

ಪ್ರಶ್ನೆಯೇ ತಪ್ಪೆಂದು ನನಗೆ ಹೊಳೆಯಿತು. ಮರುದಿನ, "ನಿಮ್ಮ ಪರಿಚಯದಾಗ ಮೊಬೈಲ್ ಬರಲಾರದವರು ಯಾರ್ಯಾರಿದ್ದಾರ್ರಿ?" ಎಂದು ಕೇಳಿದೆ. ಸಂಜೆಯೊಳಗೆ ಎರಡು ಹಾಳೆ ತುಂಬಿದವು. ಪ್ರತಿಯೊಬ್ಬರ ಹೆಸರನ್ನೂ ಇನ್ನೊಬ್ಬರು ಹೇಳಿದ್ದರು. ನನ್ನ ಹೆಸರು ಮೂರು ಕಡೆ ಇತ್ತು. ಗುಂಪಿನಿಂದ ತೀರ ದೂರ ಬಿದ್ದ ಅಂಕಿಗಳನ್ನು ಲೆಕ್ಕದಿಂದ ಬಿಡುವುದು ಸಂಖ್ಯಾಶಾಸ್ತ್ರದಲ್ಲಿ ಒಪ್ಪಿತವಾದ ಕ್ರಮ. ಬಿಟ್ಟೆ.

೨. ತಪಾಸಣೆ

ಮೊದಲು ಒಪ್ಪಿದವರು ಖಡಕಿಯ ಕಾರ್ಖಾನೆಯಲ್ಲಿ ಮಾಲಿನ ತಪಾಸಣೆ ಮಾಡುತ್ತಿದ್ದು ನಿವೃತ್ತರಾದವರು. ಎಲ್ಲರಿಗೂ ಹೇಳುವಂತೆ ಅವರಿಗೂ ಹೇಳಿದೆ: "ಅಂಜಬ್ಯಾಡ್ರಿ. ಪರೀಕ್ಷಾ ನಿಮ್ಮದಲ್ಲ, ವಸ್ತುವಿಂದು." ಅವರ ಬೆನ್ನು ನೆಟ್ಟಗಾಯಿತು. ಇಂಥ ಮಾತನ್ನು ಅವರು ಕೇಳಿ ಬಹಳ ವರ್ಷಗಳಾಗಿದ್ದಿರಬೇಕು.

ನಾನು ಹೊರಗೇ ಉಳಿಯುವವಳು; ಕೋಣೆಯೊಳಗೆ ನಡೆದದ್ದನ್ನು, ಪ್ರಶ್ನೆ ಕೇಳಲು ಕಂಪನಿ ಕಳಿಸಿದ್ದ ಹುಡುಗಿ ಆಮೇಲೆ ಹೇಳಿದಳು. ಆಕೆ ಬೆಂಗಳೂರಿನವಳು, ಎಷ್ಟು ಓದಿದ್ದಾಳೋ ಅಷ್ಟೇ ತಾಳ್ಮೆಯವಳು. ಆಕೆ ಕೊಟ್ಟ ಫೋನನ್ನು ಅವರು ತಿರುಗಿಸಿ ನೋಡಿ, ಮೇಜಿನ ಎತ್ತರದಿಂದ ನೆಲಕ್ಕೆ ಬಿಟ್ಟರಂತೆ. ಗಾಜು ಬಿರುಕುಬಿಟ್ಟಿತು. ಜೇಬಿನಿಂದ ಕೆಂಪು ಪೆನ್ನು ತೆಗೆದು, ಆಕೆಯ ಹಾಳೆಯ ಮೇಲೆ 'ತಿರಸ್ಕೃತ' ಎಂದು ಬರೆದು ರುಜು ಹಾಕಿದರಂತೆ. ಆಪ್ ತೆರೆಯುವುದು ಬಾಕಿಯಿತ್ತು.

೩. ಚಹಾ ಕೊಟ್ಟವರ ಮನೆ

ಬೆಳಗಾವಿ ಕಡೆಯ ಒಬ್ಬ ಹಿರಿಯ ಗೃಹಿಣಿ ಇಸ್ತ್ರಿ ಮಾಡಿದ ಇಳಕಲ್ ಸೀರೆ ಉಟ್ಟು ಬಂದರು. ಒಂದು ತಾಸು ಅವರಿಂದ ಹೊರಟದ್ದು ಒಂದೇ ಮಾತು: "ಭಾಳ ಛಂದ ಅದ ರೀ." ಮಾತ್ರೆಯ ಹೆಸರು ಕಾಣದಾದಾಗಲೂ ಛಂದ, ಆಪ್ ತಾನಾಗಿಯೇ ಮುಚ್ಚಿಕೊಂಡಾಗಲೂ ಛಂದ. ಯಾವುದು ಕಷ್ಟವಾಯಿತು ಎಂದು ಹುಡುಗಿ ಅಂಗಲಾಚಿದಳು.

"ಕರದು ಕೂಡಿಸಿ ಚಹಾ ಕೊಟ್ಟೀರವಾ. ನಿಮ್ಮ ಎದುರಿಗೆ ಕುಂತು ನಿಮ್ಮ ವಸ್ತುವಿನಾಗ ಕೊಂಕು ತಗೀಲೇನು?" ಎಂದರಂತೆ.

ಹೊರಗೆ ಬಂದು ಮೆಟ್ಟಿಲ ಮೇಲೆ ಕುಳಿತು ಯಾರಿಗೋ ಫೋನು ಮಾಡಿದರು. ಆಪಿನ ಸುದ್ದಿ ಕಿವಿಗೆ ಬೀಳಬಾರದೆಂದು ನಾನು ದೂರ ಸರಿದೆ. ಯಾವ ಗುಂಡಿ ಎಲ್ಲಿದೆ, ಯಾವುದು ಯಾಕೆ ಕೆಟ್ಟದ್ದು ಎಂಬುದನ್ನು ಅವರು ಒಂದೂ ಬಿಡದೆ ವಿವರಿಸುತ್ತಿರಲು, ಹುಡುಗಿ ಬಾಗಿಲ ಹಿಂದೆ ನಿಂತು ಬರೆದುಕೊಂಡಳು. ಅಂದಿನಿಂದ ಆಕೆ ಪ್ರಶ್ನೆಗಳನ್ನು ಕೋಣೆಯಲ್ಲಿ ಕೇಳುತ್ತಾಳೆ, ಉತ್ತರಗಳನ್ನು ಮೆಟ್ಟಿಲ ಬಳಿ ಪಡೆಯುತ್ತಾಳೆ.

ಆ ಫೋನು ಯಾರಿಗೆ ಹೋಯಿತೆಂದು ಅಂದು ನಾನು ವಿಚಾರಿಸಬೇಕಿತ್ತು.

೪. ಎಂಟನೆಯವರು

ಶುಕ್ರವಾರದ ಹೊತ್ತಿಗೆ ಏಳು ಮಂದಿ ಮುಗಿದಿದ್ದರು. ಎಂಟನೆಯವರು ಸ್ವಾರಗೇಟದ ಹತ್ತಿರ ಇರುವ ನಿವೃತ್ತ ಗುಮಾಸ್ತರು. ಮುನ್ನಾದಿನ ಫೋನಿನಲ್ಲಿ, "ಏನರೆ ಓದಿಕೊಂಡು ಬರಬೇಕೇನ್ರಿ ಬಾಯಾರ?" ಎಂದು ಕೇಳಿದ್ದರು. ಓದುವುದೇನೂ ಇಲ್ಲವೆಂದು ಸ್ವಲ್ಪ ಗಡುಸಾಗಿಯೇ ಹೇಳಿದ್ದೆ.

ಒಳಗೆ ಹೋದವರು ಎರಡು ನಿಮಿಷದಲ್ಲಿ ಹೊರಬಂದರು. "ಎಲ್ಲಾ ಬರೋಬರಿ ಬಂತ್ರಿ. ನಮ್ಮ ಬೀಗತಿಯವರು ಮೊದಲ ಹೇಳಿಕೊಟ್ಟಿದ್ರು." ಬೀಗತಿಯೆಂದರೆ ಆ ಇಳಕಲ್ ಸೀರೆಯವರೇ. ನನ್ನ ಇಡೀ ಸೇವೆಯಲ್ಲಿ ಒಂದು ಪ್ರಶ್ನೆಪತ್ರಿಕೆಯೂ ಹೊರಬಿದ್ದಿರಲಿಲ್ಲ. ಈಗ ಬಿದ್ದಿತ್ತು, ನನ್ನ ಕಣ್ಣೆದುರಿನ ಮೆಟ್ಟಿಲಿನಿಂದಲೇ.

ಮೊದಲೇ ಬಲ್ಲವರು ಲೆಕ್ಕಕ್ಕೆ ಬರುವುದಿಲ್ಲ. ನಿರ್ದೇಶಕರು ಬೆಂಗಳೂರಿನಿಂದ ಕಂಪ್ಯೂಟರ್ ಪರದೆಯ ಮೇಲೆ ಕಾಯುತ್ತಿದ್ದರು. ಹುಡುಗಿ ನನ್ನನ್ನೇ ನೋಡಿದಳು.

"ಮೇಡಂ, ನಿಮಗೆ ಅರವತ್ತಾಯ್ತಲ್ವಾ? ಬಿ.ಪಿ. ಮಾತ್ರೆ ತಗೋತೀರಿ. ಆಪ್ ನೋಡೇ ಇಲ್ಲ."

"ಮೊಬೈಲ್ ಕಷ್ಟ ಆಗೋರು ಬೇಕಲ್ಲವಾ," ಎಂದೆ.

ನಾನೇ ಬರೆದುಕೊಟ್ಟಿದ್ದ ಹೆಸರುಗಳ ಆ ಎರಡು ಹಾಳೆಗಳನ್ನು ಆಕೆ ಮೇಜಿನ ಮೇಲಿಟ್ಟಳು.

ಕುಳಿತೆ. ಬೆಳಗಿನ ಎಂಟಕ್ಕೆ ಒಂದು ಮಾತ್ರೆಯನ್ನು ನಮೂದಿಸಬೇಕಿತ್ತು, ಅಷ್ಟೇ. ಮೂರು ಸಲ ಆಕೆ ನೆರವಾಗಲು ಬಂದಳು, ಮೂರು ಸಲವೂ ಬೇಡವೆಂದೆ. ಕೊನೆಗೆ ಫೋನು ದೊಡ್ಡ ದನಿಯಲ್ಲಿ, ಮಾತ್ರೆ ತೆಗೆದುಕೊಳ್ಳುವ ಹೊತ್ತಾಯಿತೆಂದು ಸಾರಿತು. ನಿಮಿಷ ಕಳೆದು ಮತ್ತೆ ಸಾರಿತು. ನಿಮಿಷಕ್ಕೊಂದು ಮಾತ್ರೆಯ ವ್ಯವಸ್ಥೆ ಮಾಡಿದ್ದೆ. ನಿಲ್ಲಿಸುವ ಬಗೆ ತಿಳಿಯದೆ ಅದನ್ನು ನನ್ನ ಕೈಚೀಲದಲ್ಲಿಟ್ಟು ಜಿಪ್ ಎಳೆದು, ಚೀಲವನ್ನು ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕುಳಿತೆ. ಚೀಲ ಕೂಗುತ್ತಲೇ ಇತ್ತು.

ಎಂಟನೆಯವಳು ಜನರನ್ನು ತರುವ ನಾನೇ ಎಂಬುದನ್ನು ಹುಡುಗಿ ನಿರ್ದೇಶಕರಿಂದ ಮುಚ್ಚಿಡಲಿಲ್ಲ. ಎಂಟು ಪರೀಕ್ಷೆಗಳಲ್ಲಿ ನಮಗೆ ಹೆಚ್ಚು ಕಲಿಸಿದ್ದು ಇದೇ, ಮುಂದಿನ ಸುತ್ತಿಗೂ ಇವರೇ ಜನರನ್ನು ತರಲಿ ಎಂದರಂತೆ ಅವರು. ಆಕೆಯ ವರದಿಯಲ್ಲಿ ನನ್ನ ಬಗ್ಗೆ ಒಂದೇ ಸಾಲಿದೆ: 'ಮಹಿಳೆ, ಅರವತ್ತು ವರ್ಷ, ಉನ್ನತ ಶಿಕ್ಷಣ, ಸಹಾಯ ಕೇಳುವುದಿಲ್ಲ.' ತಿದ್ದಲು ಒಂದಕ್ಷರವೂ ಸಿಗಲಿಲ್ಲ.

ಆ ದಿನ ಚೀಲದಿಂದ ಫೋನನ್ನು ತೆಗೆದು ಸುಮ್ಮನಾಗಿಸಿದ ಮೇಲೆ ಆಕೆ ನನ್ನ ಭುಜ ಮುಟ್ಟಿ, ನನ್ನದೇ ಮಾತನ್ನು ನನಗೆ ಹೇಳಿದಳು: "ಮೇಡಂ, ಪರೀಕ್ಷೆ ನಿಮ್ಮದಲ್ಲ, ವಸ್ತುವಿನದು."

"ಅದು ನನಗ ಗೊತ್ತದ," ಎಂದೆ. "ನಾಳೆ ಇನ್ನೊಮ್ಮೆ ಕೂಡ್ತೀನಿ. ಓದಿಕೊಂಡು ಬರ್ತೀನಿ."