ಬದುಕಿರುವ ಮೆಕ್ಯಾನಿಕ್‌ನನ್ನು ಸೇತುವೆಯಿಂದ ಬೀಳಿಸಿದ ನಿರ್ದೇಶಕರಿಗೆ

ಮಾನ್ಯರೇ,

ಪ್ರಶಸ್ತಿಗಳ ಭಾರಕ್ಕೆ ಕಪಾಟು ವಾಲಿರುವ, ಸಂದರ್ಶನಗಳಲ್ಲಿ ಕಣ್ಣೊರೆಸಿಕೊಳ್ಳುವ ಕರವಸ್ತ್ರವೂ ಹೆಸರು ಮಾಡಿರುವ ತಮ್ಮ ಸನ್ನಿಧಿಗೆ, ಒಂದು ಸಣ್ಣ ಅಚ್ಚುಮನೆಯಲ್ಲಿ ಕರಡು ತಿದ್ದಿ ಬದುಕುವ ನಾನು ನಡು ಬಗ್ಗಿಸಿ ನಮಸ್ಕರಿಸುತ್ತೇನೆ. ತಾವು ಕ್ಷೇಮವೆಂದು ಪತ್ರಿಕೆಗಳಿಂದ ದಿನವೂ ತಿಳಿಯುತ್ತಿದೆ. ನಾವೂ ಕ್ಷೇಮ. ಈ ಎರಡನೆಯ ಸಂಗತಿಯನ್ನು ತಾವು ಇಡೀ ಊರಿನಿಂದ ಮುಚ್ಚಿಟ್ಟಿದ್ದರಿಂದಲೇ ಈ ಪತ್ರ ಬರೆಯಬೇಕಾಗಿ ಬಂದಿದೆ.

ನಾವು ಎಂದರೆ ನಾನು ಮತ್ತು ಹತ್ತೊಂಬತ್ತು ವರ್ಷಗಳಿಂದ ನನ್ನ ಜೊತೆ ಸಂಸಾರ ಮಾಡುತ್ತಿರುವ ಒಬ್ಬ ಫ್ರಿಡ್ಜ್ ಮೆಕ್ಯಾನಿಕ್. ತಮಗೆ ಮರೆತಿರಬಹುದು. ನಟ್ಟು-ಬೋಲ್ಟಿನ ಅಂಗಡಿಯ ಮೇಲಿರುವ ನಮ್ಮ ಎರಡು ಕೋಣೆಗಳ ಮನೆಗೆ ತಾವು ಐದು ಶನಿವಾರ ಮೆಟ್ಟಿಲು ಹತ್ತಿ ಬಂದಿರಿ. ನಮ್ಮಲ್ಲಿರುವ ಒಂದೇ ಒಂದು ಮೆತ್ತನೆಯ ಕುರ್ಚಿಯಲ್ಲಿ ಕುಳಿತು, ಟೇಬಲ್ಲಿನ ಮೇಲೆ ರೆಕಾರ್ಡರ್ ಇಟ್ಟು, "ನಿಮ್ಮ ಕಥೇನ ಇದ್ದ ಹಾಗೇ ತೋರಿಸ್ತೀನಿ, ಒಂದಕ್ಷರ ಬದಲಾಯಿಸಲ್ಲ" ಎಂದಿರಿ. ಅಕ್ಷರ ಬದಲಾಯಿಸುವುದೇ ನನ್ನ ಕಸುಬು. ಆದರೂ ತಮ್ಮನ್ನು ನಂಬಿದೆ.

ಆ ಐದು ಶನಿವಾರಗಳಲ್ಲಿ ನಾವು ಮುಖ್ಯವಾಗಿ ಹೇಳಿದ್ದು ಒಂದು ಮಧ್ಯಾಹ್ನದ ಸಂಗತಿ. ಏಳು ವರ್ಷಗಳ ಹಿಂದೆ ಇವನ ಅಪೆಂಡಿಕ್ಸ್ ಒಡೆದಾಗ, ಇವನದೇ ವ್ಯಾನಿನಲ್ಲಿ, ಸ್ಪ್ಯಾನರುಗಳ ನಡುವೆ ಮಲಗಿಸಿಕೊಂಡು ನಗರಸಭೆಯ ಆಸ್ಪತ್ರೆಗೆ ಒಯ್ದೆ. ಕೌಂಟರಿನ ಗುಮಾಸ್ತ ತಲೆ ಎತ್ತದೆ ಕೇಳಿದ: "ಪೇಷಂಟ್‌ಗೆ ನೀವೇನಾಗ್ಬೇಕು?" "ಜೊತೆಗಿರೋನು" ಎಂದೆ. "ಜೊತೆಗಿರೋನು ಅಂತ ಕಾಲಮ್ಮಿಲ್ಲ ಸ್ವಾಮಿ. ಸಂಬಂಧಿಕರನ್ನ ಕರೆಸಿ." ಇವನಿಗೆ ಉಳಿದಿದ್ದ ಸಂಬಂಧಿಕನೆಂದರೆ, ಇವನ ಬಟ್ಟೆಬರೆಯನ್ನು ಬೀದಿಗೆ ಎಸೆದು ಬಾಗಿಲು ಹಾಕಿಕೊಂಡಿದ್ದ ಅಣ್ಣ. ಆ ಮಹಾಶಯ ಬೇರೆ ಊರಿನಿಂದ ಬಸ್ಸು ಹಿಡಿದು ಬಂದು, ನನ್ನತ್ತ ನೋಡದೆ ಸಹಿ ಗೀಚಿ ಹೊರಡುವ ತನಕ, ಅಂದರೆ ಮೂರು ತಾಸು, ಇವನು ಲಿಫ್ಟಿನ ಪಕ್ಕ ಸ್ಟ್ರೆಚರಿನ ಮೇಲೆ ಹಲ್ಲು ಕಚ್ಚಿಕೊಂಡು ಮಲಗಿದ್ದ. ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಇದನ್ನು ಕೇಳುತ್ತಾ ತಾವು ಬಿಕ್ಕಿ ಬಿಕ್ಕಿ ಅತ್ತಿರಿ. ತಮ್ಮ ಕರವಸ್ತ್ರ ಸಾಲದೆ ನಾನೇ ಟವೆಲ್ ತಂದುಕೊಟ್ಟೆ.

ಮೊದಲ ಪ್ರದರ್ಶನಕ್ಕೆ ನಮ್ಮನ್ನು ಕರೆಸಿ ಏಳನೆಯ ಸಾಲಿನಲ್ಲಿ ಕೂರಿಸಿದ ತಮ್ಮ ಔದಾರ್ಯವನ್ನು ಮರೆಯುವಂತಿಲ್ಲ. ಚಿತ್ರದಲ್ಲಿ ನಮ್ಮ ಎರಡು ಕೋಣೆಗಳು ಸಮುದ್ರದಂಡೆಯ ಬಂಗಲೆಯಾಗಿದ್ದವು. ಅದರ ಇಪ್ಪತ್ತು ಬಿಳಿ ಪರದೆಗಳನ್ನು ಒಗೆಯುವವರು ಯಾರೆಂದು ತಾವು ಕೊನೆಗೂ ತೋರಿಸಲಿಲ್ಲ. ನಾನು ಕವಿಯಾಗಿದ್ದೆ. ಮೆಕ್ಯಾನಿಕ್ ಚಿತ್ರಕಾರನಾಗಿದ್ದ, ಬಹುಶಃ ಗ್ರೀಸ್ ಹತ್ತಿದ ಕೈಯನ್ನು ಇನ್ನೊಬ್ಬ ಗಂಡಸಿನ ಕೈ ಹಿಡಿದರೆ ಕ್ಯಾಮೆರಾಕ್ಕೆ ಅಂಟುತ್ತಿತ್ತೇನೋ. ಆಸ್ಪತ್ರೆ ಮಾತ್ರ ಎಲ್ಲಿಯೂ ಇರಲಿಲ್ಲ. ಕೇಳಿದ್ದಕ್ಕೆ ತಮ್ಮ ಸಹಾಯಕರು, "ಕೌಂಟರಲ್ಲಿ ಏನ್ ಸಾರ್ ಇದೆ? ಸೀನ್ ಏಳಲ್ಲ" ಎಂದು ತಿಳಿವಳಿಕೆ ನೀಡಿದರು. ಅದರ ಬದಲು ಇಂಟರ್‌ವಲ್ ಆದ ಮೇಲೆ ಚಿತ್ರಕಾರ ಜಡಿಮಳೆಯಲ್ಲಿ ಸೇತುವೆ ಹತ್ತಿ, ಹಿನ್ನೆಲೆಯ ಪಿಟೀಲಿನ ಸಮೇತ ಎರಡೂವರೆ ನಿಮಿಷ ನಿಧಾನವಾಗಿ ಕೆಳಗೆ ಬಿದ್ದ.

ಪಕ್ಕದಲ್ಲಿ ಕುಳಿತಿದ್ದ ಇವನು ನನ್ನ ಕಿವಿಗೆ ಬಾಗಿದ. "ಲೋ, ನಾನ್ಯಾಕೆ ಬಿದ್ದೆ? ಕಾಲು ಜಾರಿತಾ?"

"ಇಲ್ಲ. ನನ್ನನ್ನ ಪ್ರೀತಿಸಿದ್ದಕ್ಕೆ."

"ಅಷ್ಟಕ್ಕೇನಾ?" ಎಂದು ಇವನು ಜೋರಾಗಿ ಕೇಳಿದ್ದರಿಂದ, ಮುಂದಿನ ಸಾಲಿನಲ್ಲಿ ಅಳುತ್ತಿದ್ದ ಒಬ್ಬ ಹೆಂಗಸು ಹಿಂದಕ್ಕೆ ತಿರುಗಿ "ಸ್ವಲ್ಪನಾದ್ರೂ ಮನುಷ್ಯತ್ವ ಇರ್ಲಿ" ಎಂದು ಗದರಿದರು.

ಇದು ನಿಜವಾದ ಜೋಡಿಯೊಂದರ ಕಥೆಯೆಂದು ತಾವು ಪತ್ರಿಕೆಯವರಿಗೆ ಹೇಳಿ, ಊರಿಗೆಲ್ಲ ಗುರುತು ಸಿಗುವಷ್ಟು ಸುಳಿವನ್ನೂ ಕೊಟ್ಟಿರಿ. ಮರುದಿನ ಅಚ್ಚುಮನೆಯ ಯಜಮಾನರು ನನ್ನ ಹೆಗಲು ತಟ್ಟಿ ಮೂರು ದಿನ ಸೂತಕದ ರಜೆ ಕೊಟ್ಟರು. ಹನ್ನೊಂದು ವರ್ಷಗಳಿಂದ ಇವನ ಕೈಯಲ್ಲೇ ಫ್ರಿಡ್ಜ್ ರಿಪೇರಿ ಮಾಡಿಸುತ್ತಿದ್ದ ಬೇಕರಿಯಾಕೆ ಬೇರೆ ಮೆಕ್ಯಾನಿಕ್‌ನನ್ನು ಗೊತ್ತುಮಾಡಿಕೊಂಡರು. ಇವನೇ ಫೋನ್ ಮಾಡಿ ವಿಚಾರಿಸಿದರೆ, ಆಕೆ ಕಿಟಾರನೆ ಕಿರುಚಿ ಫೋನಿಟ್ಟರು. ಈ ವಿಷಯ ತಿಳಿಸಿ ತಮ್ಮ ಕಚೇರಿಗೆ ಪತ್ರ ಬರೆದೆ. "ತಮ್ಮ ದುಃಖದಲ್ಲಿ ನಾವೂ ಭಾಗಿಗಳು" ಎಂದು ಉತ್ತರ ಬಂತು.

ಮಾನ್ಯರೇ, ನಾನು ಸಣ್ಣಂದಿನಿಂದ ಸಿನಿಮಾ ನೋಡುತ್ತಾ ಬಂದವನು. ಮೊದಮೊದಲು ನಮ್ಮಂಥವರು ಸೊಂಟ ಬಳುಕಿಸಿ ಬಂದು ನಗಿಸಿ ಹೋಗುತ್ತಿದ್ದೆವು. ಆಮೇಲೆ ಕಣ್ಣಿಗೆ ಕಾಡಿಗೆ ಹಚ್ಚಿದ ಖಳನಾಯಕರಾದೆವು. ಈಗ ತಮ್ಮ ದಯದಿಂದ ಹೆಣವಾಗುವ ಮಟ್ಟಕ್ಕೆ ಬಡ್ತಿ ಪಡೆದಿದ್ದೇವೆ, ಅದೂ ಇಂಗ್ಲೆಂಡು-ಅಮೆರಿಕದ ಪ್ರೇಕ್ಷಕರು ಎದ್ದು ನಿಂತು ಚಪ್ಪಾಳೆ ತಟ್ಟುವಂಥ ಹೆಣ. ಈ ಉಪಕಾರದ ಋಣವನ್ನು ಯಾವ ಜನ್ಮದಲ್ಲಿ ತೀರಿಸಲಿ?

ಇಲ್ಲಿಗೇ ಮುಗಿದಿದ್ದರೆ ನಕ್ಕು ಸುಮ್ಮನಾಗುತ್ತಿದ್ದೆ. ನಮ್ಮದೊಂದು ಭಾನುವಾರದ ಗುಂಪಿದೆ. ಹೊಲಿಗೆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಆ ಅಂಗಡಿಯನ್ನೂ ಒಂದು ಮನೆಯನ್ನೂ ಕೂಡಿ ನಡೆಸುವ ಇಬ್ಬರು ಹೆಂಗಸರ ಕೃಪೆಯಿಂದ ಸೇರುತ್ತೇವೆ. ನಮ್ಮ ಮುಖಂಡರು ಒಬ್ಬ ನಿವೃತ್ತ ಹೆಡ್ಮೇಷ್ಟ್ರು. ಆಸ್ಪತ್ರೆಯ ಅರ್ಜಿಯಲ್ಲಿ "ರೋಗಿಯು ಸೂಚಿಸಿದ ವ್ಯಕ್ತಿ" ಎಂಬ ಒಂದು ಕಾಲಮ್ಮು ಸೇರಿಸಿ ಎಂದು ಕೇಳಲು ಅವರು ಎರಡು ವರ್ಷ ಮನೆಮನೆ ತಿರುಗಿ ನಾಲ್ಕು ಸಾವಿರ ಜನರ ಸಹಿ ಕೂಡಿಸಿದ್ದರು. ಅದು ನಗರಸಭೆಯಲ್ಲಿ ಚರ್ಚೆಗೆ ಬಂದದ್ದು ತಮ್ಮ ಚಿತ್ರ ಬಿಡುಗಡೆಯಾದ ಮೂರನೆಯ ವಾರ.

ಸದಸ್ಯರೊಬ್ಬರು ಎದ್ದು ನಿಂತು ಮೊದಲು ಕನ್ನಡಕ ತೆಗೆದು ಒರೆಸಿಕೊಂಡರು. "ನಾನು ಆ ಸಿನಿಮಾ ನೋಡಿ ಎರಡು ದಿನ ಊಟ ಮಾಡಿಲ್ಲ. ಪಾಪ, ಇಂಥೋರಿಗೆ ಬೇಕಾಗಿರೋದು ಕರುಣೆ, ಸಹಿ ಮಾಡೋ ಹಕ್ಕಲ್ಲ. ಇವತ್ತಿದ್ದು ನಾಳೆ ಸೇತುವೆಯಿಂದ ಹಾರೋರ ಕೈಗೆ ಇನ್ನೊಬ್ಬರ ಆಪರೇಷನ್ ಕಾಗದ ಕೊಡೋಕಾಗುತ್ತಾ, ನೀವೇ ಹೇಳಿ" ಎಂದರು. ಸಭೆಯ ಕಣ್ಣು ಒದ್ದೆಯಾಯಿತು. ಒದ್ದೆ ಕಣ್ಣಿನಲ್ಲೇ ಎಲ್ಲರೂ ಕೈ ಎತ್ತಿ ನಮ್ಮ ಕಾಲಮ್ಮನ್ನು ಉಪಸಮಿತಿಗೆ ಕಳಿಸಿದರು. ಮೇಲಿನ ಗ್ಯಾಲರಿಯಲ್ಲಿ ನಾವು ಹನ್ನೊಂದು ಜನ ಕುಳಿತಿದ್ದೆವು. ಇಳಿಯುವಾಗ ಹೆಡ್ಮೇಷ್ಟ್ರು ಫೈಲನ್ನು ಎದೆಗೊತ್ತಿಕೊಂಡು ಮೆಟ್ಟಿಲ ಮೇಲೆಯೇ ಕುಳಿತುಬಿಟ್ಟರು. "ಬೈಯೋರ ಹತ್ರ ವಾದ ಮಾಡಬಹುದಪ್ಪ. ಅಳೋರ ಹತ್ರ ಏನಂತ ಮಾತಾಡ್ಲಿ?" ಎಂದರು. ಆ ಪ್ರಶ್ನೆಯನ್ನು ತಮಗೆ ದಾಟಿಸುತ್ತಿದ್ದೇನೆ. ಉತ್ತರ ಕೊಡುವ ತೊಂದರೆ ತೆಗೆದುಕೊಳ್ಳಬೇಡಿ.

ಇನ್ನು ನಮ್ಮ ಅಮ್ಮನ ವಿಚಾರ. ಎಪ್ಪತ್ತಾರು ವರ್ಷದ ಆಕೆ ಅಕ್ಕನ ಮನೆಯಲ್ಲಿದ್ದಾಳೆ. ಹತ್ತೊಂಬತ್ತು ವರ್ಷಗಳಲ್ಲಿ ನಮ್ಮ ಮನೆಯ ಮೆಟ್ಟಿಲು ತುಳಿದಿರಲಿಲ್ಲ. ಫೋನಿನಲ್ಲಿ ಇವನ ಸುದ್ದಿ ಬಂದರೆ ಲೈನು ಸರಿಯಿಲ್ಲ ಎನ್ನುತ್ತಿದ್ದಳು. ಅಕ್ಕ ಆಕೆಯನ್ನು ತಮ್ಮ ಚಿತ್ರಕ್ಕೆ ಕರೆದೊಯ್ದಿದ್ದಾಳೆ. ಮರುದಿನ ಬೆಳಗ್ಗೆ ಬಾಗಿಲು ತಟ್ಟಿದ ಸದ್ದಿಗೆ ಇವನು ಬಾಯಲ್ಲಿ ಸ್ಕ್ರೂಡ್ರೈವರ್ ಕಚ್ಚಿಕೊಂಡೇ ತೆರೆದ. ಅಮ್ಮ ಏದುಸಿರು ಬಿಡುತ್ತಾ ನಿಂತಿದ್ದಳು. ಕೈ ಚಾಚಿ ಇವನ ತೋಳು ಹಿಚುಕಿ ನೋಡಿದಳು.

"ಇದ್ದೀಯಲ್ಲಪ್ಪಾ" ಎಂದಳು.

"ಇದ್ದೀನಮ್ಮ" ಎಂದ ಇವನು. ಆಕೆ ಒಳಗೆ ಬಂದು, ಮೆತ್ತನೆಯ ಕುರ್ಚಿಯಲ್ಲಿ ಕುಳಿತು, ಮೂರು ದಿನವೆಂದವಳು ಮೂರು ವಾರ ಉಳಿದಳು. ಪಾತ್ರೆ ಜೋಡಿಸುವ ಕ್ರಮ ಸರಿಯಿಲ್ಲವೆಂದು ನಮ್ಮಿಬ್ಬರನ್ನೂ ಸಮನಾಗಿ ಬೈದಳು.

ಆಕೆ ಬಂದ ಮೂರನೆಯ ವಾರದಲ್ಲೇ ಇವನಿಗೆ ಹರ್ನಿಯಾ ಆಪರೇಷನ್ ಆಗಬೇಕಾಯಿತು. ಕಂಪ್ರೆಸರ್ ಎತ್ತಿ ಎತ್ತಿ ಬಂದ ಹರ್ನಿಯಾ, ಚಿತ್ರಕಾರರಿಗೆ ಬರಲಾರದು. ಅದೇ ಆಸ್ಪತ್ರೆ, ಅದೇ ಕೌಂಟರ್, ಗುಮಾಸ್ತ ಮಾತ್ರ ಹೊಸಬ. ನಾನು ಬಾಯಿ ತೆರೆಯುವ ಮೊದಲೇ ಅಮ್ಮ ನನ್ನನ್ನು ಪಕ್ಕಕ್ಕೆ ಸರಿಸಿ ಅರ್ಜಿ ಎಳೆದುಕೊಂಡಳು.

"ಪೇಷಂಟ್‌ಗೆ ಏನಾಗ್ಬೇಕು ಅಜ್ಜಿ?"

"ಅತ್ತೆ."

ಗುಮಾಸ್ತ ಬರೆದುಕೊಂಡ. "ಅವರ ಹೆಂಡ್ತಿ ಬಂದಿಲ್ವಾ?"

"ಹೆಂಡ್ತಿ ಎಲ್ಲಿಂದ ಬರ್ತಾಳೆ? ನನಗಿರೋದು ಮಗ. ಇಲ್ಲೇ ನಿಂತಿದಾನಲ್ಲ, ಕಾಣಲ್ವಾ?"

ಗುಮಾಸ್ತ ನನ್ನನ್ನು ನೋಡಿದ, ಅರ್ಜಿಯನ್ನು ನೋಡಿದ. ಅತ್ತೆಗೆ ಕಾಲಮ್ಮಿತ್ತು. ಆಕೆಯನ್ನು ಅತ್ತೆಯಾಗಿಸಿದವನಿಗೆ ಇರಲಿಲ್ಲ. ಹಿಂದೆ ಸಾಲು ಬೆಳೆಯುತ್ತಿತ್ತು. ಅವನು ತಲೆ ಕೆರೆದುಕೊಂಡು ಮುದ್ರೆ ಒತ್ತಿದ. ಅಮ್ಮ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದಳು. ಅಕ್ಷರವೊಂದು ತಪ್ಪಿತ್ತು. ವೃತ್ತಿಜೀವನದಲ್ಲಿ ಮೊದಲ ಬಾರಿಗೆ ನಾನು ತಿದ್ದಲಿಲ್ಲ.

ಇದನ್ನೋದಿ "ನೋಡಿದಿರಾ, ನನ್ನ ಚಿತ್ರದ ಮಹಿಮೆ!" ಎಂದು ತಾವು ಮತ್ತೆ ಕರವಸ್ತ್ರ ತೆಗೆಯಬಾರದೆಂದು ವಿನಂತಿ. ಅಮ್ಮ ಬಂದದ್ದು ತಮ್ಮ ಚಿತ್ರವನ್ನು ನಂಬಿಯಲ್ಲ, ಅದು ಸುಳ್ಳಾಗಿರಲಿ ಎಂದು ಹರಸಿಕೊಳ್ಳುತ್ತಾ. ಆ ಸದಸ್ಯರು ಮಾತ್ರ ಅದನ್ನು ಪೂರ್ತಿ ನಂಬಿದ್ದಾರೆ. ತಮ್ಮ ನಿಜವಾದ ಅಭಿಮಾನಿ ಅವರೇ. ಆದ್ದರಿಂದ ತಾವು ದಯವಿಟ್ಟು ಪ್ರತಿ ಚಿತ್ರಮಂದಿರದ ಬಾಗಿಲಲ್ಲಿ ಖುದ್ದಾಗಿ ನಿಂತು, ಹೊರಬರುವ ಒಬ್ಬೊಬ್ಬರಿಗೂ "ಅವನು ಸತ್ತಿಲ್ಲ, ಫ್ರಿಡ್ಜ್ ರಿಪೇರಿ ಮಾಡ್ತಿದ್ದಾನೆ" ಎಂದು ತಿಳಿಸಬೇಕು. ಬೇಕರಿಯಾಕೆಯಿಂದ ಶುರು ಮಾಡಿದರೆ ಉಪಕಾರವಾದೀತು. ಮುಂದಿನ ಚಿತ್ರದಲ್ಲಿ ನಮ್ಮವನೊಬ್ಬನನ್ನು, ಕಾಲು ಮುರಿದುಕೊಂಡಾದರೂ ಸರಿ, ಕೊನೆಯ ಹೆಸರುಗಳು ಬರುವ ತನಕ ಉಸಿರಾಡಲು ಬಿಡಬೇಕಾಗಿಯೂ ಕೋರುತ್ತೇನೆ.

ಇನ್ನೂ ವಿಧುರನಾಗದ,
ತಮ್ಮ ವಿಶ್ವಾಸಿ,
ಕರಡು ತಿದ್ದುವವನು

ವಿ.ಸೂ.: ಮುಂದಿನ ಚಿತ್ರ "ಒಬ್ಬ ತಾಯಿಯ ಮೌನ"ದ ಬಗ್ಗೆಯಂತೆ, ಅಮ್ಮನನ್ನು ಸಂದರ್ಶಿಸಲು ತಾವು ಬರುವಿರೆಂದು ನಿನ್ನೆ ತಮ್ಮ ಕಚೇರಿಯಿಂದ ಫೋನ್ ಬಂತು. ಅಮ್ಮನಿಗೆ ಅಭ್ಯಂತರವಿಲ್ಲ. "ಬರ್ಲಿ, ಪಾಪ. ಆದ್ರೆ ಈ ಸಲ ಯಾರು ಸಾಯ್ತಾರೆ ಅಂತ ಮೆಟ್ಟಿಲ ಕೆಳಗೇ ಹೇಳ್ಲಿ. ನಿರ್ದೇಶಕರೇ ಸಾಯ್ತಾರೆ ಅಂದ್ರೆ ಮಾತ್ರ ಮೇಲೆ ಕಳಿಸು" ಎಂದಿದ್ದಾಳೆ.