ಪಾಸ್‌ವರ್ಡ್ ಕೊಟ್ಟು ಗಿರಾಕಿ ಹಿಡಿದೆ

ನೆಟ್‌ವರ್ಕ್ ಸೆಕ್ಯೂರಿಟಿ ಕಲಿಯಲು ನನಗೆ ಹದಿನೆಂಟು ಸಾವಿರ ರೂಪಾಯಿ, ಒಂದು ವರ್ಷದ ಭಾನುವಾರಗಳು ಮತ್ತು ಸಿಂಧನೂರಿನಲ್ಲಿ ನನಗಿದ್ದ ಮರ್ಯಾದೆ ಖರ್ಚಾದವು. ಶುಲ್ಕ ಕಟ್ಟುವಾಗ ಪದ್ಧತಿಯಂತೆ, "ಏನಾರ ಕಡಿಮಿ ಮಾಡ್ರಿ" ಎಂದೆ. ಕೌಂಟರಿನವರು ಕನ್ನಡಕ ಕೆಳಗಿಳಿಸಿ ನೋಡಿದರು. "ಇದು ಯೂನಿವರ್ಸಿಟಿರೀ, ಭತ್ತದ ಮಾರ್ಕೆಟ್ ಅಲ್ಲ." ಹೇಳಿದ ಬೆಲೆಗೇ ನಾನು ಕೊಂಡ ಮೊದಲ ಸರಕು, ವಿದ್ಯೆ!

ಯಾಕೆ ಕೊಂಡೆ ಎಂದರೆ, ನನ್ನದು ಸಿಸಿಟಿವಿ ಕ್ಯಾಮೆರಾ ಕೂರಿಸುವ ಅಂಗಡಿ. ಒಂದು ಸ್ಕ್ರೂಡ್ರೈವರಿನಿಂದ ಶುರು ಮಾಡಿ, ಯಾರ ಹಂಗೂ ಇಲ್ಲದೆ ಕಟ್ಟಿದ್ದು. ಊರಿನ ದೊಡ್ಡ ರೈಸ್ ಮಿಲ್ಲಿನ ಸಾವುಕಾರರು ಒಂದು ದಿನ ಕರೆಸಿದರು.

"ಶರಣಪ್ಪ, ಮಿಲ್ಲಿನ ಕ್ಯಾಮೆರಾ, ಕಂಪ್ಯೂಟರ್ ಎಲ್ಲಾ ನಿನ್ನ ಕೈಯಾಗ ಕೊಡ್ತೀನಿ. ಆದ್ರ ಈಗಿನ ಕಳ್ಳರು ಗ್ವಾಡಿ ಹಾರಂಗಿಲ್ಲ, ನೆಟ್‌ನ್ಯಾಗ ಬರಾಕತ್ಯಾರ. ಅದನ್ನ ಕಲ್ತು ಸರ್ಟಿಫಿಕೇಟ್ ತಗೊಂಡ ಬಾ."

ಆ ಮಿಲ್ ಸಿಕ್ಕರೆ ಉಳಿದ ಮಿಲ್ಲುಗಳೂ ಹಿಂದೆಯೇ ಬರುತ್ತವೆ. ಯೂನಿವರ್ಸಿಟಿಯ ಭಾನುವಾರದ ಕೋರ್ಸಿಗೆ ಸೇರಿಬಿಟ್ಟೆ.

ಥಿಯರಿಯಲ್ಲಿ ನಾನು ಹುಲಿ. ಕಲಿತದ್ದನ್ನು ಅಂದಂದೇ ಮನೆಯಲ್ಲಿ ಜಾರಿಗೆ ತರುತ್ತಿದ್ದೆ. ವೈಫೈಗೆ ಎಂಥ ಬಿಗಿಯಾದ ಪಾಸ್‌ವರ್ಡ್ ಇಟ್ಟೆನೆಂದರೆ ನನಗೇ ನೆನಪುಳಿಯಲಿಲ್ಲ. ಹೆಂಡತಿ ನೀಲಮ್ಮನ ಧಾರಾವಾಹಿ ಅರ್ಧಕ್ಕೇ ನಿಂತಿತು.

"ಹಿತ್ತಲ ಬಾಗ್ಲಾ ಮುಚ್ಚರಿ ಅಂದ್ರ ಮುಚ್ಚಂಗಿಲ್ಲ, ವೈಫೈಗೆ ಬೀಗಾ ಹಾಕ್ಯಾರಂತ! ಆ ಸೊಸಿ ಬಾವ್ಯಾಗ ಬಿದ್ದಾಳ. ಎದ್ದು ಬಂದ್ಲೋ ಇಲ್ಲೋ, ನೀವ ಹೇಳ್ರಿ ಈಗ!"

"ಭದ್ರತೆ ಅಂದಮ್ಯಾಲ ತ್ಯಾಗ ಇರತೈತಿ" ಎಂದೆ. ಅಂದಿನ ಊಟದಲ್ಲಿ ನೀಲಮ್ಮ ಪಲ್ಯವನ್ನು ತ್ಯಾಗ ಮಾಡಿದಳು.

ಕೊನೆಗೆ ಪ್ರಾಕ್ಟಿಕಲ್ ಪರೀಕ್ಷೆ ಬಂತು. ನನ್ನ ಜೋಡಿಯಾಗಿ ಬಂದವಳು ಮಸ್ಕಿಯ ರುಬೀನಾ. ಮಾತು ಕಡಿಮೆ, ಥಿಯರಿಯಲ್ಲಿ ಅಂಕವೂ ನನಗಿಂತ ಕಡಿಮೆ. ಕೇಳದಿದ್ದರೂ ಆಗಾಗ ಸಲಹೆ ಕೊಟ್ಟು ಅವಳನ್ನು ಕಾಪಾಡುತ್ತಿದ್ದೆ.

ಪಾಠ ಮಾಡುವ ಮೇಡಂ ನಿಯಮ ಹೇಳಿದರು: "ಶರಣಪ್ಪ ಅವರೇ, ನಿಮ್ಮ ಕಂಪ್ಯೂಟರಿನಲ್ಲಿ ಒಂದು ಫೈಲ್ ಇದೆ, ಅದನ್ನು ಕಾಯಬೇಕು. ರುಬೀನಾ ಅದನ್ನು ಕದಿಯಬೇಕು. ನಿಮ್ಮ ಕಂಪ್ಯೂಟರನ್ನು ಅವಳು ಮುಟ್ಟುವ ಹಾಗಿಲ್ಲ. ಉಳಿದಂತೆ ಯಾವ ದಾರಿಯಾದರೂ ಸರಿ."

ನಾನು ಫೈರ್‌ವಾಲ್ ಎಬ್ಬಿಸಿದೆ. ಫೈರ್‌ವಾಲ್ ಅಂದರೆ ಕಂಪ್ಯೂಟರಿನ ಬಾಗಿಲು ಕಾಯುವ ಕಾವಲುಗಾರ. ನನ್ನ ಪಾಸ್‌ವರ್ಡ್ ಹೇಳಿದವರಿಗೆ ಮಾತ್ರ ತೆರೆಯುವ ಒಂದು ಬಾಗಿಲು ಬಿಟ್ಟು ಉಳಿದೆಲ್ಲ ಮುಚ್ಚಿಸಿದೆ. ರುಬೀನಾ ಒಂದೊಂದೇ ಬಾಗಿಲು ತಟ್ಟುವುದು ನನ್ನ ಪರದೆಯ ಮೇಲೆ ಕಾಣುತ್ತಿತ್ತು. ಕಾಲ ಮೇಲೆ ಕಾಲು ಹಾಕಿ ಕೂತೆ.

"ಆಗಂಗಿಲ್ಲ ಬಿಡ್ರಿ ಅಣ್ಣಾ" ಎಂದು ಅವಳು ಕೈಚೆಲ್ಲಿದಳು.

"ಬ್ಯಾಸರ ಮಾಡ್ಕೋಬ್ಯಾಡ ತಂಗಿ. ಇದಕ್ಕ ಅನುಭವ ಬೇಕು."

"ಹೌದ್ರಿ. ಅಂದಂಗ, ನಮ್ಮ ಮಾಮು ಮಸ್ಕ್ಯಾಗ ಗೋಡೌನ್ ಕಟ್ಸಾಕತ್ತಾನ. ಹದಿನಾರು ಕ್ಯಾಮೆರಾ ಬೇಕಂತ. ಲಿಂಗಸುಗೂರಿನವರು ಯಾರೋ ರೇಟ್ ಕೊಟ್ಟಾರ. ನಿಮಗ ಪುರಸೊತ್ತಿಲ್ಲ, ಹೋಗ್ಲಿ ಬಿಡ್ರಿ."

ಲಿಂಗಸುಗೂರಿನವರು! ಫೈಲು, ಪರೀಕ್ಷೆ, ಮೇಡಂ ಎಲ್ಲರೂ ಮಾಯವಾದರು. ನನ್ನ ಕಣ್ಣ ಮುಂದೆ ಹದಿನಾರು ಕ್ಯಾಮೆರಾ ಮಾತ್ರ ಉಳಿದವು.

"ಎಷ್ಟಕ್ಕ ಕೊಟ್ಟಾರ?"

"ಬಾಯಿಲೆ ಹೆಂಗ ಹೇಳ್ಲಿ? ದೊಡ್ಡ ಪಟ್ಟಿ ಐತಿ. ಮೇಲ್ ಮಾಡ್ಲಿ?"

"ಲಗೂ ಮಾಡವ್ವ! ಅವರಕಿಂತ ಕಡಿಮಿ ಹಾಕ್ತೀನಿ. ವೈರ್ ಫುಕಟ್, ರೊಕ್ಕಾನ ಬ್ಯಾಡ!"

"ಆತು ಅಣ್ಣಾ, ನಿಮಗ ಕೊಡಸ್ತೀನಿ."

ಮರುಮಾತಿಲ್ಲದೆ ಒಪ್ಪಿದಳು. ನಮ್ಮ ಸೀಮೆಯಲ್ಲಿ ಹುಟ್ಟಿದವರು, ವೈರ್ ಫುಕಟ್ ಅಂದರೆ ಡ್ರಿಲ್ಲಿಂಗೂ ಫುಕಟ್ ಕೇಳದೆ ಬಿಡುತ್ತಾರೆಯೇ? ಅಲ್ಲೇ ನನಗೆ ಸಂಶಯ ಬರಬೇಕಿತ್ತು. ಬಂದದ್ದು ಸಂತೋಷ.

ಮೇಲ್ ಬಂತು. ಅದರಲ್ಲಿದ್ದ ಲಿಂಕ್ ಒತ್ತಿದೆ. ನಮ್ಮ ಲ್ಯಾಬಿನದೇ ಅನ್ನಿಸುವಂಥ ಪುಟ ತೆರೆದು ಪಾಸ್‌ವರ್ಡ್ ಕೇಳಿತು. ಅವಸರದಲ್ಲಿ ಮೊದಲ ಸಲ ತಪ್ಪು ಹೊಡೆದೆ. ಜವಾಬ್ದಾರಿಯುತ ಮನುಷ್ಯನಾದ್ದರಿಂದ ಅದನ್ನು ಅಳಿಸಿ, ಒಂದೊಂದೇ ಅಕ್ಷರ ನೋಡಿ, ಸರಿಯಾಗಿ ಹೊಡೆದೆ!

"ತಂಗಿ, ಪಟ್ಟಿ ಕಾಣವಲ್ದಲ್ಲ?"

"ನನಗ ಕಾಣಾಕತ್ತೈತಿ ಅಣ್ಣಾ."

"ಏನು?"

"ನಿಮ್ಮ ಫೈಲು."

ಮೇಡಂ ಬಂದು ನೋಡಿದರು. "ಫೈರ್‌ವಾಲ್ ಬಹಳ ಚೆನ್ನಾಗಿದೆ, ಶರಣಪ್ಪ ಅವರೇ. ರುಬೀನಾ ಮಾಡಿದ ನಕಲಿ ಪುಟಕ್ಕೆ ಪಾಸ್‌ವರ್ಡ್ ಕೊಟ್ಟವರು ಯಾರು?"

"ಮೇಡಂ, ಇದು ಮೋಸರೀ! ವ್ಯಾಪಾರದ ಆಸೆ ತೋರ್ಸೋದು ಸಿಲಬಸ್‌ನ್ಯಾಗ ಇಲ್ಲ!"

"ಇದೆ. ಅದರ ಮೇಲಿನ ಪ್ರಶ್ನೆಗೆ ಇಡೀ ತರಗತಿಯಲ್ಲಿ ನೀವೇ ಚೆನ್ನಾಗಿ ಉತ್ತರ ಬರೆದಿದ್ದೀರಿ."

ಕೊನೆಯ ಅಸ್ತ್ರ ಬಿಟ್ಟೆ. "ಮೇಡಂ, ನಿಮ್ಮ ಮಾತೂ ಬ್ಯಾಡ, ನನ್ನ ಮಾತೂ ಬ್ಯಾಡ. ಬರೇ ಪಾಸ್ ಮಾಡ್ರಿ, ಸಾಕು." ಅವರು ಒಂದು ಅಂಕವನ್ನೂ ಮೇಲೆ ಹಾಕಲಿಲ್ಲ. ಫೇಲ್!

ಹೊರಗೆ ರುಬೀನಾಳನ್ನು ಕೇಳಿದೆ: "ಗೋಡೌನ್ ಆದ್ರೂ ಖರೇ ಐತೇನವ್ವ?"

"ಮಾಮು ಖರೇ ಅದಾನ ಅಣ್ಣಾ. ಪಂಚರ್ ಅಂಗಡಿ ಇಟ್ಟಾನ. ಒಂದು ಕ್ಯಾಮೆರಾ ಬೇಕಾದ್ರ ಕೇಳ್ತೀನಿ."

ಸಾವುಕಾರರಿಗೆ ನಾನೇ ಹೋಗಿ ಎಲ್ಲವನ್ನೂ ಹೇಳಿದೆ. ಪೂರ್ತಿ ಕೇಳಿ ಹೊಟ್ಟೆ ಹಿಡಿದು ನಕ್ಕರು. ನಗು ನೋಡಿ ನನಗೆ ಧೈರ್ಯ ಬಂತು. ಆಮೇಲೆ ಕಣ್ಣು ಒರೆಸಿಕೊಂಡು ಹೇಳಿದರು: "ಮಿಲ್ಲಿನ ಕೆಲಸ ಕೊಟ್ಟೆ."

"ಸಾವುಕಾರ್ರ!" ಎಂದು ಕೈಮುಗಿದೆ.

"ಆ ಹುಡುಗಿಗೆ. ನಾಳೆ ಕರ್ಕೊಂಡ ಬಾ. ಆಕಿ ಹೇಳ್ದಂಗ ನೀ ವೈರ್ ಎಳಿ."

ಈಗ ನೀವೂ ಕೇಳಿ, ಹದಿನೆಂಟು ಸಾವಿರದ ಸಲಹೆ ಫುಕಟ್ ಕೊಡುತ್ತೇನೆ. ಯಾವ ಪುಟ ಪಾಸ್‌ವರ್ಡ್ ಕೇಳಿದರೂ ಮೊದಲು ಕೀಬೋರ್ಡಿನಿಂದ ಕೈ ತೆಗೆಯಿರಿ. ಎದ್ದು ಹೋಗಿ ಒಂದು ಚಹಾ ಕುಡಿಯಿರಿ. ಬಂದು ಪುಟದ ಮೇಲಿನ ವಿಳಾಸವನ್ನು ಪೂರ್ತಿ ಓದಿ. ಗಿರಾಕಿ ಅಷ್ಟರಲ್ಲಿ ಓಡಿಹೋದರೆ ಹೋಗಲಿ. ಆದರೂ ಅನುಮಾನವಿದ್ದರೆ ಮಿಲ್ಲಿಗೆ ಬನ್ನಿ. ಏಣಿಯ ಮೇಲೆ ಗೋಡೆ ಕೊರೆಯುತ್ತಿರುವವನು ನಾನು. ನನ್ನನ್ನು ಕೇಳಬೇಡಿ, ಕೆಳಗೆ ಕುರ್ಚಿಯಲ್ಲಿ ಕೂತಿರುವ ರುಬೀನಾಳನ್ನು ಕೇಳಿ!