ಮನುಷ್ಯರಿಲ್ಲದ ಸಮುದ್ರ

"ಈ ಸಲ ಶಿರಸಿಯ ಪ್ರದರ್ಶನದೊಳಗ ನಂದೊಂದ ಚಿತ್ರ, ಉಳಿದವರದೆಲ್ಲಾ ಕ್ಯಾಲೆಂಡರು!" ಎಂದು ಮನೆಯಲ್ಲಿ ಘೋಷಿಸಿಬಿಟ್ಟೆ. ಹೆಸರೂ ತಯಾರಿತ್ತು: 'ಮನುಷ್ಯರಿಲ್ಲದ ಸಮುದ್ರ'. ಅದೂ ಕಪ್ಪು-ಬಿಳುಪು! ಫೋನಿನಲ್ಲಲ್ಲ ಸ್ವಾಮಿ, ಕರಿ ಬಟ್ಟೆ ಹೊದ್ದು ತೆಗೆಯುವ ಮರದ ಕ್ಯಾಮೆರಾದಲ್ಲಿ. ಅದಕ್ಕೆ ಒಂದು ಚಿತ್ರಕ್ಕೆ ಅಂಗೈಯಗಲದ ಒಂದು ಫಿಲ್ಮ್ ಹಾಳೆ ಬೇಕು. ನನ್ನ ಹತ್ತಿರ ಇದ್ದದ್ದು ಎರಡೇ.

ಹೆಂಡತಿ ಜ್ಯೋತಿ ಬುತ್ತಿ ಕಟ್ಟಿದಳು, ಮೂರು ಕಾಲಿನ ಸ್ಟ್ಯಾಂಡನ್ನೂ ಹೊತ್ತಳು. ದೇವಿಮನೆ ಘಟ್ಟ ಇಳಿದು ಧಾರೇಶ್ವರದ ದಂಡೆಗೆ ಬಂದಾಗ ಬಿಸಿಲು ಇಳಿದಿತ್ತು.

"ನಂದೂ ಒಂದ ಫೋಟೋ ತೆಗೀರಿ. ಸಮುದ್ರದ ಮುಂದ ನಂದು ಒಂದೂ ಇಲ್ಲ," ಎಂದಳು.

"ಇದು ಕಲೆ, ಜ್ಯೋತಿ! ಇದರೊಳಗ ಸಂಸಾರ ತರಬ್ಯಾಡ!"

ನಾನು ಗಾಂಭೀರ್ಯದಿಂದ ಮೊದಲನೇ ಹಾಳೆಯ ಮೇಲೆ ಚಿತ್ರ ತೆಗೆದೆ. ಆಮೇಲೆ ಹಾಳೆಯ ಚೌಕಟ್ಟಿಗೆ ಮುಚ್ಚಳ ಹಾಕದೇ ಕ್ಯಾಮೆರಾದಿಂದ ಹೊರಗೆಳೆದೆ! ಬೆಳಕು ಬಿದ್ದು ಹಾಳೆ ಹಾಳಾಯಿತು.

"ಮನ್ಯಾಗ ಉಪ್ಪಿನಕಾಯಿ ಡಬ್ಬಿಗೂ ನೀವು ಮುಚ್ಚಳಾ ಹಾಕಂಗಿಲ್ಲ ಬಿಡ್ರಿ," ಎಂದಳು.

ಉಳಿದದ್ದು ಒಂದೇ. ಬೆಳಕು ಕಡಿಮೆ, ಲೆನ್ಸನ್ನು ಬಹಳ ಹೊತ್ತು ತೆರೆದಿಡಬೇಕು. ಅದರಲ್ಲೊಂದು ಲಾಭವಿದೆ: ಅಷ್ಟು ಹೊತ್ತಿನಲ್ಲಿ ಓಡಾಡುವವರು ಯಾರೂ ಚಿತ್ರದಲ್ಲಿ ಮೂಡುವುದಿಲ್ಲ, ನಿಂತವರು ಮಾತ್ರ ಮೂಡುತ್ತಾರೆ.

"ನೀ ಆ ಬಂಡೆ ದಾಟಿ ಹೋಗು. ಎಲ್ಲೂ ನಿಲ್ಲಬ್ಯಾಡ!" ಎಂದು ಅವಳನ್ನು ಅಟ್ಟಿದೆ.

ಲೆನ್ಸ್ ತೆರೆದೆ, ಅಷ್ಟರಲ್ಲಿ ಗಾಳಿ ಎದ್ದಿತು. ಕರಿ ಬಟ್ಟೆಯೊಳಗೇ ತಲೆ ಹುದುಗಿಸಿ ಸ್ಟ್ಯಾಂಡನ್ನು ತಬ್ಬಿಕೊಂಡೆ. ಹೊತ್ತು ನೋಡಲು ಫೋನಿನ ಚಾರ್ಜೂ ಇಲ್ಲ! ನಮ್ಮವ್ವ ಶಾರದವ್ವ ಗಡಿಯಾರ ನೋಡದೆ ಮಂತ್ರ ಎಣಿಸಿ ಅನ್ನ ಬೇಯಿಸುವ ಲೆಕ್ಕವೇ ಗತಿಯಾಯಿತು. ಉಸಿರಿಗೊಂದು "ಓಂ ನಮಃ ಶಿವಾಯ" ಅನ್ನುತ್ತ, ಗಾಳಿಯ ಅಬ್ಬರಕ್ಕೆ ಲೆಕ್ಕ ತಪ್ಪದಿರಲೆಂದು ಗಟ್ಟಿಯಾಗಿ ಕೂಗುತ್ತ ಎಣಿಸಿದೆ.

ಮರುದಿನ ಬಚ್ಚಲುಮನೆಗೆ ಕಂಬಳಿ ಕಟ್ಟಿ ಕತ್ತಲು ಮಾಡಿ, ತಟ್ಟೆಯಲ್ಲಿ ಚಿತ್ರ ತೊಳೆದೆ. ಆಹಾ! ಮೀನಿನ ಬುಟ್ಟಿಯವರಿಲ್ಲ, ಕ್ರಿಕೆಟ್ಟಿನ ಹುಡುಗರಿಲ್ಲ, ನಾಯಿಗಳಿಲ್ಲ. ತೆರೆಗಳೂ ಮಂಜಾಗಿದ್ದವು. ಆದರೆ ನಟ್ಟ ನಡುವೆ, ನನ್ನ ಕಡೆಗೇ ಮುಖ ಮಾಡಿ, ಕೈ ಮುಗಿದು, ಕಣ್ಣು ಮುಚ್ಚಿ ನಿಂತಿದ್ದಳು ಜ್ಯೋತಿ!

"ನಿಲ್ಲಬ್ಯಾಡ ಅಂದ್ರೂ ನಿಂತಿಯಲ್ಲ!" ಎಂದು ಬಚ್ಚಲಿನಿಂದಲೇ ಗುಡುಗಿದೆ.

"ನೀವು ಶಿವನ ಹೆಸರು ತಗೊಂಡ್ರಿ. ಅದು ಮುಗಿಯೂತನಕ ಬೆನ್ನು ತಿರುಗಿಸಿ ಹೆಂಗ ಹೋಗ್ಲಿ?"

ಇನ್ನೊಮ್ಮೆ ಚಿತ್ರ ನೋಡಿದೆ. ಇಷ್ಟು ವರ್ಷ ಒಂದೇ ಮನೆಯಲ್ಲಿದ್ದೂ ಅವಳ ಮುಖವನ್ನು ನಾನು ಹೀಗೆ ಪೂರ್ತಿ ನೋಡಿರಲೇ ಇಲ್ಲ. ಎಷ್ಟು ಚೆಂದ ಇದ್ದಾಳೆ ಅನ್ನಿಸಿತು.

"ಅಷ್ಟು ಹೊತ್ತು ಕಣ್ಣು ಮುಚ್ಚಿ ಏನ ಬೇಡ್ಕೊಂಡಿ?" ಎಂದು ಮೆಲ್ಲಗೆ ಕೇಳಿದೆ.

"ಇವರ ಫೋಟೋದಾಗ ಅಡ್ಡ ಯಾರೂ ಬರದಂಗ ನೋಡ್ಕೋ ಶಿವನೇ, ಅಂತ!"